ಮಾಯಮ್ಮನ ಹೋದ ವರ್ಷದ ಸ್ಕ್ಯಾನ್

ಜೂನ್ 9, ಸೋಮವಾರ

ಸ್ಕ್ಯಾನ್ ಸೆಂಟರಿನ ಸರ್ವರ್ ಮತ್ತೆ ತುಂಬಿತ್ತು. ನೂರಕ್ಕೆ ತೊಂಬತ್ತೇಳು. ನಾಗಾರ್ಜುನ ಮೈಸೂರಿನಿಂದ ತಂದ ಹೊಸ ಡಿಸ್ಕು ಹಾಕಿ ಹಳೆಯದರ ಜೊತೆ ಸೇರಿಸಿದೆ. ಈಗ ಎರಡೂ ಸೇರಿ ಒಂದೇ ದೊಡ್ಡ ಡಿಸ್ಕಿನ ಹಾಗೆ, ಒಂದೇ ವಾಲ್ಯೂಮ್. ಒಂದು ಕೈಕೊಟ್ಟರೆ ಎರಡೂ ತೆರೆಯುವುದಿಲ್ಲ. ಬ್ಯಾಕಪ್ಪಿಗೆ ಇನ್ನೊಂದು ಕೇಳಿದ್ದೆ. ‘ಮುಂದಿನ ಸಲ ನೋಡೋಣಮ್ಮ’ — ಡಾಕ್ಟರು.

ಐದೂಕಾಲರ ಕೆ.ಆರ್. ಪೇಟೆ ಬಸ್ಸು ಸಿಕ್ಕಿತು. ಸೀಟೂ ಸಿಕ್ಕಿತು.

ಜೂನ್ 10, ಮಂಗಳವಾರ

ಬೆಳಿಗ್ಗೆ ಮಾಯಮ್ಮ ಅಂತ ಒಬ್ಬಾಕೆ ಬಂದರು. ಅರವತ್ತಿರಬಹುದು. ಹೋದ ವರ್ಷ ನಮ್ಮಲ್ಲೇ ಎದೆ ಸ್ಕ್ಯಾನ್ ಮಾಡಿಸಿದ್ದರು. ರಿಪೋರ್ಟಿನಲ್ಲಿ ಏನೂ ತೊಂದರೆ ಇಲ್ಲ ಅಂತಿದೆ. ಕೆಮ್ಮು ಮಾತ್ರ ನಿಂತಿಲ್ಲ. ಈಗ ಮೈಸೂರಿನ ಆಸ್ಪತ್ರೆಯವರು ಶ್ವಾಸಕೋಶದಲ್ಲಿ ಗಂಟು ಇದೆ ಅಂದಿದ್ದಾರೆ. ಅದು ಆಗಲೇ ಇತ್ತೋ, ಹೊಸದೋ ನೋಡಬೇಕಂತೆ. ಹಳೇ ಚಿತ್ರ ಬೇಕು.

ನಾಗಾರ್ಜುನನ ಮುಖ ಬಿಳಿಚಿತು. ಸ್ಕ್ಯಾನ್ ಮಿಷನ್ನು ನಡೆಸುವವನು ಅವನು, ಆ ಸ್ಕ್ಯಾನ್ ತೆಗೆದವನೂ ಅವನೇ.

“ಸೋಮ್ವಾರ ಬನ್ನಿ ಅಮ್ಮ. ಕಂಪ್ಯೂಟ್ರು ಬಿಜಿ ಐತೆ,” ಅಂದ.

ಬಿಜಿ ಇರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ...

ಸಂಜೆ 4.10. ಟೀ ಕುಡಿದು ಬಂದು ನೋಡಿದರೆ ವಾಲ್ಯೂಮ್ ತೆರೆಯುತ್ತಿಲ್ಲ. ಮೂರು ವರ್ಷದ ಸ್ಕ್ಯಾನು, ಡಾಕ್ಟರು ರಿಪೋರ್ಟಿಗೆ ಹೇಳಿ ರೆಕಾರ್ಡ್ ಮಾಡಿದ ದನಿಯ ಫೈಲು, ಎಲ್ಲ ಅದರೊಳಗೆ. ಸರ್ವರ್ ರೂಮಿನಿಂದ ಈಚೆ ಬರುತ್ತಿದ್ದವನು ನಾಗಾರ್ಜುನ.

ಜೂನ್ 11, ಬುಧವಾರ

ಸರ್ವರ್ ತಾನೇ ಬರೆದಿಡುವ ಲಾಗ್ ನೋಡಿದೆ. ಹೊಸ ಡಿಸ್ಕು ಮಾಯವಾದದ್ದು 3.47ಕ್ಕೆ. ಆಗ ಒಳಗಿದ್ದದ್ದು ಅವನೊಬ್ಬನೇ. ಕೇಳಿದರೆ, “ಎ.ಸಿ. ರಿಮೋಟ್ ತಗೊಳಕ್ಕೋಗಿದ್ದೆ.” ರಿಮೋಟು ನನ್ನ ಡ್ರಾಯರಿನಲ್ಲಿದೆ, ವಾರದಿಂದ.

ಆಫ್ ಮಾಡಿ ಆನ್ ಮಾಡಿದರೆ ಡಿಸ್ಕು ಕಾಣಿಸುತ್ತದೆ. ಹತ್ತು ನಿಮಿಷಕ್ಕೆ ಮತ್ತೆ ಇಲ್ಲ. ಡೇಟಾ ಕೇಬಲ್ ಬದಲಾಯಿಸಿದೆ. ಅದೇ ಕಥೆ. ಹಳೇ ಡಿಸ್ಕನ್ನೇ ಹೊಸದು ಅಂತ ತಂದನೇ? ಆ ಹತ್ತು ನಿಮಿಷದಲ್ಲಿ ಅದು ಎಷ್ಟು ಗಂಟೆ ಓಡಿದೆ ಅಂತ ನೋಡಿದೆ. ಮೂವತ್ತೂ ಆಗಿಲ್ಲ. ಹೊಸದೇ.

ಹೊಸ ಡಿಸ್ಕು ತಾನಾಗಿ ಹೀಗೆ ಆಡುತ್ತದೆಯೇ? ಅದೂ ಅವತ್ತೇ? ರೂಮಿಗೆ ಬೀಗ ಹಾಕಿದೆ. ಕೀ ನನ್ನ ಬ್ಯಾಗಿನಲ್ಲಿ.

ಜೂನ್ 12, ಗುರುವಾರ

“ಏನ್ ವೀಣಕ್ಕ, ಬೀಗ ಜಡ್ದು ಓಯ್ತಾ ಇದ್ದೀರಿ? ನನ್ ಮ್ಯಾಲೆ ಅನುಮಾನ್ವಾ?”

“ಅನುಮಾನ ಪಡೋ ಅಂತಾದ್ದು ಏನ್ ಮಾಡಿದ್ದೀಯಪ್ಪ?”

“ಆಯಮ್ಮನ ಸ್ಕ್ಯಾನ್ ಉಡುಕಕ್ಕೆ ಒಳಕ್ಕೋಗಿದ್ದೆ. ಸರ್ಯಾಗಿ ತೆಗ್ದಿದ್ನೋ ಇಲ್ವೋ ಅಂತ ಎದ್ರುಕೆ ಆಯ್ತು ಕಣಕ್ಕ. ಉಡುಕ್ತಾ ಇದ್ದಂಗೇ ನಿಂತೋಯ್ತು. ನಾನ್ ಏನೂ ಮುಟ್ಲಿಲ್ಲ.”

ನಂಬಬೇಕೆ? ಹುಡುಕುವವನು ಅಳಿಸಲೂಬಹುದು. ಬೀಗ ತೆಗೆಯಲಿಲ್ಲ. ಮಧ್ಯಾಹ್ನ ಅವನು ಒಬ್ಬನೇ ಕೂತು ಉಂಡ.

ಜೂನ್ 14, ಶನಿವಾರ

ಸರ್ವರ್ ಡಬ್ಬಿ ಪೂರ್ತಿ ಬಿಚ್ಚಿದೆ. ಎರಡು ಡಿಸ್ಕಿಗೆ ಕರೆಂಟು ಹೋಗುವುದು ಒಂದೇ ಕವಲು ವೈರಿನಿಂದ. ಅಪ್ಪ ಅಕ್ಕಸಾಲಿಗರು, ಅವರು ಹರಳು ನೋಡುವ ಭೂತಗನ್ನಡಿ ತಂದಿದ್ದೆ. ಅದರಲ್ಲಿ ನೋಡಿದರೆ ಹೊಸ ಡಿಸ್ಕಿನ ಕಡೆ ವೈರಿನ ಒಂದು ಪಿನ್ ಕಪ್ಪಗಾಗಿದೆ, ಪ್ಲಾಸ್ಟಿಕ್ ಕರಗಿದೆ. ಬಿಸಿಯಾದಾಗ ಬಿಟ್ಟುಕೊಳ್ಳುತ್ತದೆ. ಯಾರೂ ಕಿತ್ತಿಲ್ಲ.

ಆ ವೈರ್ ತಂದವಳೂ ಹಾಕಿದವಳೂ ನಾನು.

ಬೇರೆ ವೈರಿನಿಂದ ನೇರ ಕೊಟ್ಟೆ. ಎರಡು ಗಂಟೆ ಚೆಕ್ ಓಡಿತು. ವಾಲ್ಯೂಮ್ ತೆರೆಯಿತು. ನಾಗಾರ್ಜುನನನ್ನು ಕರೆದೆ. ‘ತಪ್ಪಾಯ್ತು’ ಅನ್ನಬೇಕಿತ್ತು, ಅನ್ನಲಿಲ್ಲ. ಮಾಯಮ್ಮನ ಸ್ಕ್ಯಾನ್ ಇತ್ತು. ಚಿತ್ರ ಚೊಕ್ಕವಾಗಿದೆ. ಬಲ ಶ್ವಾಸಕೋಶದಲ್ಲಿ ಒಂದು ಬಿಳಿ ಚುಕ್ಕೆ.

ಹಾಗಾದರೆ ಡಾಕ್ಟರು ನೋಡಲಿಲ್ಲವೇ? ದನಿಯ ಫೈಲು ಪಕ್ಕದಲ್ಲೇ ಇತ್ತು. ಇಯರ್‌ಫೋನ್ ಹಾಕಿಕೊಂಡೆ.

“...ಬಲಗಡೆ ಆರು ಮಿಲಿಮೀಟರ್ ಗಂಟು. ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್ ಅಂತ ಹಾಕಮ್ಮ.”

ಹಾಕಮ್ಮ — ನನಗೆ ಹೇಳಿದ್ದು. ರಿಪೋರ್ಟು ಟೈಪ್ ಮಾಡುವವಳು ನಾನು. ಅವತ್ತು ಇಪ್ಪತ್ತೇಳು ರಿಪೋರ್ಟು. ಯಾರದೋ ಹಳೇ ನಾರ್ಮಲ್ ರಿಪೋರ್ಟು ತೆಗೆದು ಹೆಸರು, ವಯಸ್ಸು ಬದಲಾಯಿಸಿದ್ದೇನೆ. ಆ ಸಾಲು ಹಾಕಿಲ್ಲ. ಡಾಕ್ಟರು ಓದದೆ ಸಹಿ ಮಾಡಿದ್ದಾರೆ.

“ಏನಂದವ್ರೆ ಅಕ್ಕ?” ಹಿಂದೆ ನಿಂತಿದ್ದ ನಾಗಾರ್ಜುನ.

“ಸರ್ಯಾಗಿ ಕೇಳುಸ್ತಿಲ್ಲ ಕಣೋ.”

ಅವನು ನಂಬಿದ.

ಜೂನ್ 16, ಸೋಮವಾರ, ಬೆಳಿಗ್ಗೆ 11.30

ನಿನ್ನೆ ಪೂರ್ತಿ ಅದೇ ಯೋಚನೆ. ಆ ದನಿಯ ಫೈಲು ಅಳಿಸಲು ಒಂದು ಸಾಲು ಟೈಪ್ ಮಾಡಿದರೆ ಸಾಕು. ಡಿಸ್ಕು ಹೋಗಿತ್ತು ಅಂದರೆ ಯಾರೂ ಕೇಳುವುದಿಲ್ಲ.

ಒಂಬತ್ತಕ್ಕೆ ಡಾಕ್ಟರಿಗೆ ಕೇಳಿಸಿದೆ. ತುಂಬ ಹೊತ್ತು ಕನ್ನಡಕ ಒರೆಸಿದರು. “ಚಿತ್ರ ಕೊಡು. ದನಿ ಯಾಕೆ? ಅದನ್ನ ಅವರು ಕೇಳಿಲ್ಲವಲ್ಲ,” ಅಂದರು.

ನಾಗಾರ್ಜುನನಿಗೂ ಹೇಳಿಬಿಟ್ಟೆ. ಅವನೇ ಹೋಗಿ ಒಂದು ಪೆನ್‌ಡ್ರೈವ್ ತಂದುಕೊಟ್ಟ. ಅದೇ ಕಷ್ಟವಾಯಿತು.

ಹತ್ತೂಮುಕ್ಕಾಲಿಗೆ ಮಾಯಮ್ಮ ಬಂದರು. ಪೆನ್‌ಡ್ರೈವ್ ಕೊಟ್ಟೆ. ಚಿತ್ರ, ದನಿ ಎರಡೂ ಹಾಕಿದ್ದೇನೆ.

“ಸಿಕ್ತಾ ಮಗ? ಓದ್ ವರ್ಸ್ವೇ ಇತ್ತಾ ಅದು?”

“ಇತ್ತು ಅಮ್ಮ.”

“ಮತ್ತೆ ಏನೂ ಇಲ್ಲ ಅಂತ ಬರ್ದೋರು ಯಾರು?”

ಡಾಕ್ಟರ ಬಾಗಿಲು ತೆರೆದೇ ಇತ್ತು.

“ನಾನೇ ಅಮ್ಮ. ಡಾಕ್ಟ್ರು ಹೇಳಿದ್ರು. ನಾನು ಬರೀಲಿಲ್ಲ.”

ಪೆನ್‌ಡ್ರೈವನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದ ಕೈ ನಿಂತಿತು. ಮಾಯಮ್ಮ ನನ್ನ ಮುಖವನ್ನೇ ನೋಡಿದರು, ಆಮೇಲೆ ಗಂಟು ಬಿಗಿದು ಡಾಕ್ಟರ ಬಾಗಿಲ ಕಡೆ ನಡೆದರು.