ನಿದ್ರಪೋಯಿಂದಿ ಎಂಬ ಮಾತು

ಮೊಳಕಾಲ್ಮೂರು
೧೯ ಜನವರಿ ೨೦೨೫, ಭಾನುವಾರ

ಶ್ರೀ ಓಬಳೇಶ ಅವರಿಗೆ ವನಜಾಕ್ಷಿಯ ನಮಸ್ಕಾರಗಳು.

ಇಂದು ಜನವರಿ ಹತ್ತೊಂಬತ್ತು. ನಾವಿಬ್ಬರೇ ಗೋಕರ್ಣಕ್ಕೆ ಹೋಗಿಬರೋಣವೇ ಎಂದು ನೀವು ಕೇಳಿದ್ದೀರಿ. ಆ ಒಂದು ಪ್ರಶ್ನೆಗೆ ಉತ್ತರ ಕೊಡುವುದೇ ಈ ಪತ್ರದ ಉದ್ದೇಶ. ನಿಮ್ಮ ಲಕೋಟೆಯನ್ನು ನಿಮ್ಮ ಎಣ್ಣೆ ಮಿಲ್ಲಿನ ಮಾರುತೇಶ್ ಚಳ್ಳಕೆರೆಯಿಂದ ಸಂಕ್ರಾಂತಿಗೆ ಮೊದಲೇ ತಂದುಕೊಟ್ಟಿದ್ದರು. ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ಇಷ್ಟಕ್ಕೆ ಫೋನು ಸಾಲದೇ ಎಂದು ನಿಮಗನ್ನಿಸಬಹುದು. ಹೆಂಡತಿ ಗಂಡನಿಗೆ ಕಾಗದ ಬರೆಯುವ ಕಾಲವೂ ಇದಲ್ಲ. ಆದರೆ ಫೋನಿನಲ್ಲಿ ಆಡಿದ ಮಾತನ್ನು ಆಮೇಲೆ ಯಾರು ಹೇಗೆ ಬೇಕಾದರೂ ಹೇಳಬಹುದು. ಬರೆದದ್ದು ಬರೆದ ಹಾಗೆಯೇ ಇರುತ್ತದೆ.

ಇಲ್ಲಿಯ ಸಮಾಚಾರ ಹೀಗಿದೆ. ನಿಮ್ಮ ತಾಯಿಯವರ ಮೊಣಕಾಲು ನೋವು ಕಡಿಮೆಯಾಗಿಲ್ಲ. ಆದರೂ ಬೆಳಗಾದರೆ ನೇಕಾರ ಬೊಮ್ಮಲಿಂಗಪ್ಪನವರ ಮನೆಗೆ ರೇಷ್ಮೆ ನೂಲು ಸುತ್ತಲು ಹೊರಡುತ್ತಾರೆ. ನಾನೂ ಜೊತೆಗೆ ಹೋಗಿ ಕಲಿಯುತ್ತಿದ್ದೇನೆ. ಹರಿದ ಎಳೆಗೆ ಗಂಟು ಹಾಕುವುದು ಇನ್ನೂ ಕೈಗೆ ಹತ್ತಿಲ್ಲ. "ಬಂಗಾರದ ಪದಕ ತಗಂಡ ಕೈ ನೋಡ್ರಪ್ಪ, ಒಂದು ಗಂಟು ಹಾಕಾಕೆ ಬರಲ್ಲ" ಎಂದು ಬೊಮ್ಮಲಿಂಗಪ್ಪನವರು ಮಗ್ಗದ ಗುಂಡಿಯೊಳಗಿಂದಲೇ ರೇಗಿಸುತ್ತಾರೆ. ಕನ್ನಡ ಎಂ.ಎ.ಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲಿಗಳಾದವಳು ಇದನ್ನೂ ಕಲಿಯುತ್ತಾಳೆ ಎಂದು ಹೇಳಿದ್ದೇನೆ. ಚಳ್ಳಕೆರೆಯ ಕಾಲೇಜಿನಲ್ಲಿ ನನ್ನ ತರಗತಿಗಳನ್ನು ಬೇರೆಯವರಿಗೆ ಹಂಚಿದರೆಂದು ತಿಳಿಯಿತು. ಅತಿಥಿ ಉಪನ್ಯಾಸಕಿಗೆ ದುಃಖದ ರಜೆ ಎಂಬುದೊಂದಿಲ್ಲ.

ಇನ್ನು ನಿಮ್ಮ ಲಕೋಟೆಯ ವಿಷಯ. ದಂಪತಿಗಳಿಗೆ ಮಧುರ ಪ್ರವಾಸಗಳು ಎಂಬ ಹಾಳೆಗಳನ್ನು ಓದಿದೆ. ಬಣ್ಣದಲ್ಲಿ ಮುದ್ರಣ ಮಾಡಿಸಿದ್ದೀರಿ. ಅಂಚಿನ ತುಂಬ ಗುಲಾಬಿ ಹೃದಯಗಳಿವೆ. ಊಟಿ, ಚಿಕ್ಕಮಗಳೂರು, ಗೋಕರ್ಣ. ಗೋಕರ್ಣಕ್ಕೆ ನೀವು ಗುರುತು ಹಾಕಿದ್ದೀರಿ. ಸೂರ್ಯ ಮುಳುಗುವಾಗ ಕೈ ಹಿಡಿದು ಮರಳಿನ ಮೇಲೆ ನಡೆಯಿರಿ, ಮೇಣದ ಬತ್ತಿಯ ಬೆಳಕಿನಲ್ಲಿ ಊಟ ಮಾಡಿ, ಫೋನುಗಳನ್ನು ಕೋಣೆಯಲ್ಲೇ ಬಿಡಿ ಎಂದಿದೆ. ಅದರ ಕೆಳಗೊಂದು ಸಾಲನ್ನು ನೀವು ನೀಲಿ ಪೆನ್ನಿನಿಂದ ಹೊಡೆದುಹಾಕಿದ್ದೀರಿ. ವಿದ್ಯಾರ್ಥಿಗಳು ಹೊಡೆದುಹಾಕಿದ ಉತ್ತರಗಳನ್ನು ಓದಿ ಅಭ್ಯಾಸವಾದವಳು ನಾನು. 'ಮಕ್ಕಳನ್ನು ಹಿರಿಯರ ಬಳಿ ಬಿಟ್ಟು ನಿಶ್ಚಿಂತೆಯಿಂದ ಹೊರಡಿ' ಎಂದಿತ್ತು.

ಎರಡನೆಯ ಹಾಳೆ ಒಳ್ಳೆಯ ನಿದ್ದೆಯ ಅಭ್ಯಾಸಗಳದ್ದು. ನಿತ್ಯ ಒಂದೇ ಹೊತ್ತಿಗೆ ಮಲಗಬೇಕು, ಸಂಜೆಯ ಮೇಲೆ ಟೀ ಕುಡಿಯಬಾರದು, ಹಗಲು ಮಲಗಬಾರದು. ಇವೆಲ್ಲವನ್ನೂ ಪಾಲಿಸಿ ನೋಡಿದೆ. ಮಲಗುವ ಮುನ್ನ ಬಿಸಿ ಹಾಲು ಕುಡಿಯಿರಿ ಎಂಬುದನ್ನು ಮಾತ್ರ ನನ್ನಿಂದ ಮಾಡಲಾಗಲಿಲ್ಲ. ಹಾಲು ಎಂಬ ಮಾತು ಬಂದರೆ ನನ್ನ ಮೈ ಏನನ್ನು ನೆನೆಯುತ್ತದೆ ಎಂಬುದನ್ನು ಆ ಹಾಳೆ ಬರೆದವರು ತಿಳಿದಿರಲಾರರು. ಕೊನೆಯ ನಿಯಮ ಹೀಗಿದೆ: ಮನಸ್ಸನ್ನು ಕಾಡುವುದನ್ನು ಕಾಗದದ ಮೇಲೆ ಬರೆದು ಪಕ್ಕಕ್ಕಿಡಿ. ಅದನ್ನು ಈಗ ಪಾಲಿಸುತ್ತಿದ್ದೇನೆ.

ನೀವು ನನ್ನನ್ನು ಹಂಪಿಗೆ ಕರೆದೊಯ್ದದ್ದೂ ನಿದ್ದೆಗಾಗಿಯೇ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಚಿತ್ರಾ ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎಚ್ಚರವಿರುವ ಕೂಸು. ಹೆರಿಗೆಯಾದಂದಿನಿಂದ ನಾನು ಕುಳಿತಲ್ಲೇ ತೂಕಡಿಸುತ್ತಿದ್ದೆ. ಒಮ್ಮೆ ಪಾಠ ಮಾಡುತ್ತ ಕಪ್ಪು ಹಲಗೆಗೆ ಹಣೆಯಿಟ್ಟು ನಿಂತುಬಿಟ್ಟಿದ್ದೆ. ನೀವು ಮಿಲ್ಲಿನಿಂದ ಬಂದು, ಹಿಂಡಿಯ ವಾಸನೆಯ ಅಂಗಿಯನ್ನೂ ಬಿಚ್ಚದೆ, "ಎರಡು ದಿನ ಪಾಪುನ ಅವ್ವ ನೋಡ್ಕಂತಾಳೆ. ನೀನು ಒಂದು ರಾತ್ರಿ ಪೂರ್ತಿ ಮಲಕ್ಕೋ. ಅದೇ ನಂಗೆ ಹನಿಮೂನು" ಎಂದಿರಿ. ಮದುವೆಯಾದ ಮೇಲೆ ನೀವಾಡಿದ ಅಷ್ಟು ಚೆಂದದ ಮಾತು ಇನ್ನೊಂದಿಲ್ಲ. ಐದು ತಿಂಗಳ ಮಗುವನ್ನು ಇಲ್ಲಿ ಬಿಟ್ಟು, ನಿಮ್ಮ ಮಾಲೀಕರ ಕಾರಿನಲ್ಲಿ ಹೊರಟೆವು.

ಹರಿಗೋಲಿನಿಂದ ಇಳಿದು ನಾವು ಹೊಳೆಯ ಬಂಡೆಯ ಮೇಲೆ ಕುಳಿತಿದ್ದೆವು. ಇನ್ನೂ ಬಿಸಿಲಿತ್ತು. ನಿಮಗೆ ಫೋನು ಬಂತು. ಅವ್ವ ಎಂದು ಎದ್ದು ಹೋದಿರಿ. ಸಿಗ್ನಲ್ ಸಿಗುತ್ತಿಲ್ಲ ಎಂದು ಕೈಸನ್ನೆ ಮಾಡಿ ಇನ್ನೊಂದು ಬಂಡೆಯ ಆಚೆಗೆ ಹೋದಿರಿ. ಬಹಳ ಹೊತ್ತಿನ ಮೇಲೆ ಬಂದು ಪಕ್ಕದಲ್ಲಿ ಕುಳಿತು, ನೀರನ್ನೇ ನೋಡುತ್ತ, "ಪಾಪು ಮಲಗೈತಂತೆ" ಎಂದಿರಿ.

"ಈಗಲೇ ಮಲಗಿದರೆ ರಾತ್ರಿಯೆಲ್ಲ ಅತ್ತೆಯನ್ನು ಕಾಡುತ್ತಾಳೆ" ಎಂದು ನಾನು ನಕ್ಕೆ.

"ಇಲ್ಲ, ಕಾಡಲ್ಲ" ಎಂದಿರಿ.

ಆ ರಾತ್ರಿ ನಾನು ನನ್ನ ಜೀವಮಾನದಲ್ಲೇ ಮಾಡದಂಥ ನಿದ್ದೆ ಮಾಡಿದೆ. ಬೆಳಿಗ್ಗೆ ನಿಮ್ಮ ಕಣ್ಣುಗಳು ಕೆಂಪಾಗಿದ್ದವು. ಸೊಳ್ಳೆ ಎಂದಿರಿ. ಬಳ್ಳಾರಿ ದಾಟಿ ಪೆಟ್ರೋಲ್ ಹಾಕಿಸುವಾಗ ಕಾರಿನಿಂದಿಳಿದು ಯಾರಿಗೋ ಫೋನು ಮಾಡಿದಿರಿ. ರಾಂಪುರ ಕಳೆದ ಮೇಲೆ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಸುದ್ದಿ ಹೇಳಿದಿರಿ. ಮಗು ತೊಟ್ಟಿಲಲ್ಲಿ ಮಲಗಿದ್ದು ಮಲಗಿದ ಹಾಗೆಯೇ ಹೋಗಿತ್ತು. ಮಣ್ಣೂ ಆಗಿಹೋಗಿತ್ತು. "ಅವ್ವ ನಿನ್ನೆ ತೆಲುಗಿನಾಗೆ ನಿದ್ರಪೋಯಿಂದಿ ಅಂದ್ಲು ವನಜಾ. ಮಲಗೈತೆ ಅಂದ್ಕಂಡೆ. ಹೋಗೈತೆ ಅನ್ನಾಕೆ ಬಾಯಿ ಬರದೆ ಹಂಗಂದಾಳೆ. ನಾವು ಗೊತ್ತಿದ್ದೂ ಬರಲಿಲ್ಲ ಅಂತ ಅವ್ರು ಹೊತ್ತು ಮುಳುಗೋ ಮುಂಚೆ ಮುಗಿಸ್ಯಾರೆ" ಎಂದು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತಿರಿ. ನಿಮ್ಮ ಬೆನ್ನು ಸವರಿ ಸಮಾಧಾನ ಮಾಡಿದವಳು ನಾನು.

ಇಲ್ಲಿಗೆ ಬಂದಾಗ ಗುಡ್ಡದ ಕೆಳಗೆ ಮೊಳದುದ್ದದ ಹಸಿಮಣ್ಣಿತ್ತು. ನಾಯಿ ಕೆದಕದಿರಲೆಂದು ಮೇಲೆ ಜಾಲಿಮುಳ್ಳು ಹೊದಿಸಿದ್ದರು. ನನ್ನ ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ಮಗಳ ಮುಖವನ್ನು ನಾನು ನೋಡಲಿಲ್ಲ.

ಅಂದು ನಮ್ಮಪ್ಪ ರಾಜಣ್ಣನವರು ಅಂಗಳದಲ್ಲಿ ನಿಂತು ನಿಮ್ಮ ತಾಯಿಯವರನ್ನು ಕೇಳಿದ್ದು ನಿಮಗೆ ನೆನಪಿರಬೇಕು: "ಯರ್ರಮ್ಮ, ನೆಟ್ಟಗೆ ಕನ್ನಡದಾಗೆ ಮಗು ಹೋತು ಅನ್ನಾಕೆ ನಿಂಗೆ ಬರಲಿಲ್ವೇನಮ್ಮ? ನನ್ನ ಮಗಳು ಕೊನೇ ಸಲ ಎತ್ಕಂತಿದ್ಲಲ್ಲ." ಅತ್ತೆಯವರು ಮೊದಲು ನಿಮ್ಮ ಮುಖ ನೋಡಿದರು. ನೀವು ನೆಲ ನೋಡುತ್ತಿದ್ದಿರಿ. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, "ನಂದೇ ತಪ್ಪಪ್ಪ" ಎಂದರು. ಅಂದಿನಿಂದ ಅವರು ತೆಲುಗು ಆಡುವುದನ್ನು ಬಿಟ್ಟಿದ್ದಾರೆ. ಹುಟ್ಟಿದಂದಿನಿಂದ ಆಡಿದ ಮನೆಮಾತನ್ನು ಬಿಟ್ಟು, ತಡವರಿಸಿ ತಡವರಿಸಿ ಕನ್ನಡದಲ್ಲೇ ಮಾತಾಡುತ್ತಾರೆ. ಮೇಕೆಯನ್ನು ಕರೆಯುವುದೂ ಕನ್ನಡದಲ್ಲೇ.

ತವರಿಗೆ ಹೋಗಿ ಸುಧಾರಿಸಿಕೋ ಎಂದು ನೀವು ಹೇಳಿದರೂ ನಾನು ಇಲ್ಲಿಗೆ ಬಂದ ಕಾರಣವನ್ನು ಈಗ ತಿಳಿಸುತ್ತೇನೆ. ಮಾತಿನ ಶಾಸ್ತ್ರವನ್ನು ಓದಿ ಪದಕ ಪಡೆದವಳು ನಾನು. ಒಂದು ಮಾತು ನನ್ನ ಮಗಳ ಮುಖವನ್ನು ನನಗೆ ತಪ್ಪಿಸಿದ್ದರೆ ಆ ಮಾತನ್ನು ಕಲಿಯದೆ ಬಿಡುವುದು ನನ್ನ ಸ್ವಭಾವವಲ್ಲ. ಚಳ್ಳಕೆರೆ ಪೇಟೆಯಲ್ಲಿ ಕೇಳಿಬಂದ ನಾಲ್ಕು ತೆಲುಗು ಮಾತು ಬಿಟ್ಟರೆ ನನಗೆ ಆ ಭಾಷೆ ಬರುತ್ತಿರಲಿಲ್ಲ. ಅತ್ತೆ ಕಲಿಸಲು ಒಪ್ಪಲಿಲ್ಲ; "ನಂಗೆ ಆ ಮಾತು ಬ್ಯಾಡ ಕಣವ್ವ" ಎಂದರು. ಪಕ್ಕದ ಮನೆಯ ಪಾಪಕ್ಕ ಕಲಿಸಿದಳು. ಪಾಪ ಎಂದರೆ ಹೆಣ್ಣುಕೂಸು. ಪೋಯಿಂದಿ ಎಂದರೆ ಹೋಯಿತು, ತೀರಿತು. ನಡುವೆ ನಿದ್ರ ಎಂಬುದು ಸೇರಿದರೆ ಮಲಗಿತು ಎಂದಾಗುತ್ತದೆ. ಆ ಒಂದು ಪದವಿದ್ದರೆ ಕೂಸು ತೊಟ್ಟಿಲಲ್ಲಿರುತ್ತದೆ, ಇಲ್ಲದಿದ್ದರೆ ಮುಳ್ಳಿನ ಕೆಳಗೆ.

ನಲ್ಲಿಯ ಬಳಿ ಹೆಂಗಸರು ನನ್ನನ್ನು ಕಂಡರೆ ಸುಮ್ಮನಾಗುತ್ತಾರೆ. ಹುಚ್ಚಕ್ಕನೆಂಬ ಮುದುಕಿ ಒಂದು ದಿನ ಕೊಡ ಎತ್ತುತ್ತ, "ಓದಿದೋರ ನಿದ್ದೆ ಬಲು ಗಟ್ಟಿ ಬಿಡವ್ವ" ಎಂದು ಯಾರಿಗೋ ಹೇಳುವಂತೆ ಹೇಳಿದಳು. ಓದಿದ ಸೊಸೆಯನ್ನು ಕಂಡರೆ ಊರಿಗೆ ಆಗದೆಂದು ತಿಳಿದು ನಾನು ತಲೆಯೆತ್ತಿಯೇ ಬಂದೆ.

ಮೊನ್ನೆ ನಿಮ್ಮ ಬಣ್ಣದ ಹಾಳೆಗಳು ಜಗಲಿಯ ಮೇಲಿದ್ದವು. ಪಾಪಕ್ಕ ಹೃದಯದ ಚಿತ್ರಗಳನ್ನು ನೋಡಿ, "ಏನವ್ವ ಇದು, ಲಗ್ನಪತ್ರಿಕೇನಾ?" ಎಂದಳು. ಓಬಳೇಶ ಅವರು ನನ್ನನ್ನು ಗೋಕರ್ಣಕ್ಕೆ ಕರೆದಿದ್ದಾರೆ ಎಂದೆ.

"ಕರ್ಮ ಮಾಡ್ಸಾಕಾ?"

"ಅಲ್ಲ, ಸುಮ್ಮನೆ. ಸಮುದ್ರ ನೋಡಲು."

ಪಾಪಕ್ಕ ನನ್ನನ್ನು ಬಹಳ ಹೊತ್ತು ನೋಡಿದಳು.

ಇದಿಷ್ಟು ಇಲ್ಲಿಯ ಸಂಗತಿ. ಮಿಲ್ಲಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡಿ. ಚಳಿಗೆ ಎದೆ ಕಟ್ಟುವ ಗುಣ ನಿಮಗಿದೆ. ನನ್ನ ಟ್ರಂಕಿನ ಮೇಲೆ ಮಡಿಸಿಟ್ಟ ಕರಿಕಂಬಳಿಯನ್ನು ಹೊದ್ದುಕೊಳ್ಳಿ. ಅದು ಚಿತ್ರಾಳದ್ದೆಂದು ಹಿಂಜರಿಯಬೇಡಿ, ಒಗೆದಿಟ್ಟಿದ್ದೇನೆ. ದೇವರು ನಿಮ್ಮನ್ನು ಆರೋಗ್ಯದಿಂದ ಇಟ್ಟಿರಲಿ.

ಇತಿ,
ವನಜಾಕ್ಷಿ

ತಾ.ಕ.: ಸಹಿ ಹಾಕಿದ ಮೇಲೂ ಕಾಗದವನ್ನು ಮಡಿಸಲಾಗಲಿಲ್ಲ. ಕಾಡುವುದನ್ನು ಬರೆಯಬೇಕೆಂಬ ನಿಯಮವನ್ನು ನಾನಿನ್ನೂ ಪೂರ್ತಿ ಪಾಲಿಸಿಲ್ಲ.

ಪಾಪಕ್ಕ ನನ್ನನ್ನು ನೋಡಿ ಸುಮ್ಮನಾಗಲಿಲ್ಲ. "ಹೆತ್ತ ಕೂಸಿನ ಮಣ್ಣಿಗೆ ಬರಾಕಾಗಲ್ಲ ಅಂದೋಳಿಗೆ ಸಮುದ್ರ ನೋಡಾಕೆ ಆಗ್ತೈತೇನವ್ವ?" ಎಂದಳು. ನಾನು ಹಾಗೆ ಎಂದೂ ಅಂದವಳಲ್ಲ ಎಂದೆ. ಆಗ ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

"ಫೋನು ಹಚ್ಚಿಕೊಟ್ಟಿದ್ದು ನಾನು. ಯರ್ರಮ್ಮ 'ಪಾಪ ಪೋಯಿಂದಿರಾ' ಅಂದು ಅಲ್ಲೇ ಕುಸಿದ್ಲು. ನಿದ್ರ ಗಿದ್ರ ಏನೂ ಅನ್ನಲಿಲ್ಲ. ಫೋನು ನಾನೇ ಇಸ್ಕಂಡೆ. ಮಗು ಹೋಗೈತಪ್ಪ, ಹೊರಡ್ರಿ, ನೀವು ಬರಾಗಂಟ ಮಣ್ಣು ಮಾಡಲ್ಲ, ರಾತ್ರಿಯಾದ್ರೂ ಕಾಯ್ತೀವಿ ಅಂತ ಕನ್ನಡದಾಗೇ ಹೇಳಿದೆ. ವನಜಾನ ಕೇಳಿ ಹೇಳ್ತೀನಿ ಅಂದ. ಸ್ವಲ್ಪ ಹೊತ್ತಾದ ಮ್ಯಾಗೆ ಅವ್ನೇ ಮಾಡಿ, ಅವ್ಳಿಗೆ ನೋಡಾಕೆ ಆಗಲ್ಲಂತೆ ಪಾಪಕ್ಕ, ಕಾಯಬ್ಯಾಡ್ರಿ, ಮುಗಿಸಿಬಿಡ್ರಿ ಅಂದ. ಊರಿಗೆಲ್ಲ ಗೊತ್ತೈತಲ್ಲವ್ವ."

ಅತ್ತೆಯವರನ್ನು ನಾನು ತೆಲುಗಿನಲ್ಲೇ ಕೇಳಿದೆ. ಅವರು ಮೊದಲು ಇಲ್ಲವೆಂದರು. ನನ್ನ ಕೈ ಹಿಡಿದುಕೊಂಡ ಮೇಲೆ ಹೌದೆಂದರು. ನೀವು ನನಗೆ ಹೇಳಿದ ಸುಳ್ಳು ಅವರಿಗೆ ತಿಳಿದದ್ದೇ ಅಂದು ಅಂಗಳದಲ್ಲಿ, ನಮ್ಮಪ್ಪ ಕೇಳಿದಾಗ. ಮಗನ ಸಂಸಾರ ಉಳಿಯಲೆಂದು ತಪ್ಪನ್ನು ತಮ್ಮ ನಾಲಿಗೆಯ ಮೇಲೆ ಹಾಕಿಕೊಂಡರಂತೆ. ಇದನ್ನೆಲ್ಲ ತೆಲುಗಿನಲ್ಲಿ ಹೇಳಿ ತೆಲುಗಿನಲ್ಲೇ ಅತ್ತರು. ಅವರನ್ನು ನೀವು ಏನೂ ಕೇಳಕೂಡದು.

ಒಂದು ರಾತ್ರಿ ನಾನು ನೆಮ್ಮದಿಯಾಗಿ ಮಲಗಲೆಂದು ನೀವು ಹಾಗೆ ಮಾಡಿದ್ದಿರಬಹುದು. ಅದನ್ನು ನಾನು ನಂಬುತ್ತೇನೆ. ಹಂಪಿಯಿಂದ ಮೊಳಕಾಲ್ಮೂರಿಗೆ ಅದೇ ಸಂಜೆ ಬಂದು ಮುಟ್ಟುವಷ್ಟು ದಾರಿಯೆಂಬುದು ನಿಮಗೆ ಗೊತ್ತಿತ್ತು. ನನ್ನನ್ನು ಕೇಳದೆ, ನನ್ನ ಬಾಯಿಂದ, ನನ್ನ ಮಗಳನ್ನು ನೋಡಲಾರೆ ಎಂದು ಹೇಳಿಸಿದಿರಿ. ಊರಿನ ಹೆಂಗಸರು ನನ್ನನ್ನು ನೋಡುವಾಗ ಅವರ ಕಣ್ಣಲ್ಲಿದ್ದದ್ದು ಏನೆಂದು ಈಗ ನನಗೆ ತಿಳಿದಿದೆ.

ನೀವು ಕೇಳಿದ ಪ್ರಶ್ನೆಗೆ ಉತ್ತರ ಇದು. ಗೋಕರ್ಣಕ್ಕೂ ಚಳ್ಳಕೆರೆಗೂ ನಾನು ಬರುವುದಿಲ್ಲ.