ಎರಡೇ ರಿಮೋಟಿನ ಆಟ

ಗೋಪಾಳ, ಶಿವಮೊಗ್ಗ
೯ ಅಕ್ಟೋಬರ್, ಗುರುವಾರ

ಪ್ರೀತಿಯ ಸುಮನಕ್ಕನಿಗೆ,

ಕವನಾಳ ನಮಸ್ಕಾರ. ಧಾರವಾಡದಲ್ಲಿ ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೀನಿ. "ಸೆಟ್ ಹೇಗೆ ನಡೀತಿದೆ, ನನ್ನ ಸೊಸೆ ಎಷ್ಟನೇ ಸ್ಟೇಜಿಗೆ ಬಂದ್ಲು" ಅಂತ ನೀವು ಕಳಿಸಿದ ವಾಯ್ಸ್ ಮೆಸೇಜಿಗೆ ಇಷ್ಟು ದಿನ ಉತ್ತರ ಕೊಡದೇ ಇದ್ದಿದ್ದಕ್ಕೆ ಬೇಜಾರಾಗಬೇಡಿ. ಮಾತಾಡೋಣ ಅಂತ ಫೋನ್ ಎತ್ತಿದಾಗೆಲ್ಲ ಹಾಗೇ ಕೆಳಗಿಟ್ಟೆ. ಈಗ ಪ್ರಣವ ಮಲಗಿದ್ದಾನೆ, ಇಂಚರ ಪಕ್ಕದ ಮನೆಗೆ ಹೋಗಿದ್ದಾಳೆ. ಅದಕ್ಕೆ ಹಳೇ ಕಾಲದವರ ಹಾಗೆ ಕಾಗದ ಪೆನ್ನು ಹಿಡಿದು ಕೂತೆ.

ನನ್ನ ಅವಸ್ಥೆ ಏನು ಕೇಳ್ತೀರಿ. ಒಂಬತ್ತು ತಿಂಗಳಾದರೂ ಈ ಗಂಡುಮಗು ರಾತ್ರಿಯನ್ನು ಹಗಲು ಮಾಡಿಕೊಂಡಿದೆ. ಮೊನ್ನೆ ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದೆ. ನಿಮ್ಮ ತಮ್ಮ ಒಂದು ಮಾತೂ ಆಡದೆ ಉಂಡು ಎದ್ದರು. ಬೈದಿದ್ದರೂ ಒಳ್ಳೇದಿತ್ತು.

ಸೆಟ್ಟಿನ ವಿಷಯಕ್ಕೆ ಬರ್ತೀನಿ. ಭದ್ರಾವತಿ ಮನೆಯ ಅಟ್ಟದ ಮೇಲಿದ್ದ ಆ ವಿಡಿಯೋ ಗೇಮನ್ನು ಇವರು ಯುಗಾದಿಗೆ ಇಳಿಸಿ ತಂದಾಗ ನಾನು ನಕ್ಕಿದ್ದೆ. ನಮ್ಮ ಟಿವಿಗೆ ಅದರ ವೈರೇ ಕೂರಲ್ಲ, ಎರಡು ದಿನದ ಹುಚ್ಚು ಅಂದುಕೊಂಡೆ. ಗಾಂಧಿ ಬಜಾರೆಲ್ಲ ಸುತ್ತಿ ಅದೇನೋ ಡಬ್ಬಿ ತಂದು ಕೂರಿಸಿಯೇ ಬಿಟ್ಟರು. ಮೊದಲು ಕ್ಯಾಸೆಟ್ ತೆಗೆದು ಉಫ್ ಅಂತ ಊದೋದು, ಆಮೇಲೆ ಹಾಕಿ ಎರಡು ಸಲ ಒತ್ತೋದು. ಈಗ ಇಂಚರ ಇವರಿಗಿಂತ ಚೆನ್ನಾಗಿ ಊದ್ತಾಳೆ.

ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ಯಾಕೆ ಕಲಿಸಬೇಕು ಅಂತ ನಾನು ಕೇಳಿದೆ. ಮೊಬೈಲ್ ಕೊಡಲ್ಲ ಅಂತ ಮದುವೆಗೆ ಮುಂಚೆಯೇ ಮಾತಾಡಿಕೊಂಡವರು ನಾವು. ಇವರ ವಾದ ನಿಮಗೆ ಗೊತ್ತೇ ಇರುತ್ತೆ. ಇದರಲ್ಲಿ ಜಾಹೀರಾತಿಲ್ಲ, ಬೆರಳು ಸವರಿದಷ್ಟೂ ಮುಗಿಯದ ರೀಲ್ಸ್ ಅಲ್ಲ, ಸೋತರೆ ಮೊದಲಿಂದ ಶುರು ಮಾಡಬೇಕು, ಮಕ್ಕಳು ಸೋಲೋದನ್ನ ಇಲ್ಲೇ ಕಲಿಯೋದು ಅಂತಾರೆ. "ನಾಳೆ ಆಟ ಅಂದ್ರೆ ಏನು ಅಂತ ಯಾರೋ ಇವಳಿಗೆ ತೋರಿಸ್ತಾರೆ. ಆ ಯಾರೋ ನಾನೇ ಆಗ್ತೀನಿ ಬಿಡು" ಅಂದರು. ನಾನೂ ಎಂ.ಎಸ್ಸಿ. ಓದಿದವಳು. ಪರದೆ ಹಳೇದಾದರೂ ಪರದೆಯೇ, ಕಣ್ಣು ಇವಳದ್ದು ಅಂದೆ. ಕಣ್ಣಿನ ಡಾಕ್ಟರ ಹತ್ತಿರವೂ ಹೋದೆವು. ಅವರು ದಿನಕ್ಕೆ ಅರ್ಧ ಗಂಟೆ ಪರವಾಗಿಲ್ಲ ಅಂದುಬಿಟ್ಟರು. ಬರುವಾಗ ಆಟೋದಲ್ಲಿ ಅಪ್ಪ ಮಗಳು ಗೆದ್ದವರ ಹಾಗೆ ಕೈ ತಟ್ಟಿಕೊಂಡರು.

ಅವರಿಬ್ಬರಿಗೂ ಒಂದು ಬೇರೆಯೇ ಭಾಷೆ ಬಂದುಬಿಟ್ಟಿದೆ, ಅಕ್ಕ. "ಅಪ್ಪಾ ಒಂದು ಲೈಫ್ ಕೊಡು" ಅಂತಾಳೆ, ಇವರು ಕೊಡ್ತಾರೆ. ಟ್ಯಾಂಕಿನ ಆಟದಲ್ಲಿ ಇಬ್ಬರೂ ಸೇರಿ ಒಂದು ಕೋಟೆ ಕಾಯಬೇಕಂತೆ. ಒಬ್ಬರು ಮುಂದೆ ಹೋದರೆ ಇನ್ನೊಬ್ಬರು ಹಿಂದೆ ನಿಲ್ಲಬೇಕಂತೆ. ಹೋದ ಭಾನುವಾರ ಹೊರಗಿನ ಗಾಳಿ ಸೋಕಲಿ ಅಂತ ನಾನೇ ಹಟ ಹಿಡಿದು ತ್ಯಾವರೆಕೊಪ್ಪಕ್ಕೆ ಹೊರಡಿಸಿದೆ. ಪ್ರಣವನನ್ನು ಎತ್ತಿಕೊಂಡು ಬಿಸಿಲಲ್ಲಿ ಸಫಾರಿ ಬಸ್ಸಿಗೆ ಕಾದು, ಕೊನೆಗೆ ಹುಲಿ ಕಂಡಿತು. ಮರದ ಕೆಳಗೆ ಮಲಗಿತ್ತು, ಬಾಲ ಕೂಡ ಅಲ್ಲಾಡಿಸಲಿಲ್ಲ. ಇಂಚರ ಗಂಭೀರವಾಗಿ, "ಅಪ್ಪಾ, ಇದು ಪಾಜ್ ಆಗಿದೆ" ಅಂದಳು. ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ನಕ್ಕರು ಇಬ್ಬರೂ. ಆಟವನ್ನು ನಡುವೆ ನಿಲ್ಲಿಸೋ ಬಟನ್ನಿನ ಮಾತು ಅಂತ ನನಗೆ ಅರ್ಥವಾಗೋ ಹೊತ್ತಿಗೆ ನಗು ಮುಗಿದಿತ್ತು.

ನೀವು ಬೇಜಾರು ಮಾಡಿಕೊಳ್ಳಲ್ಲ ಅಂದ್ರೆ ಒಂದು ಹೇಳ್ತೀನಿ. ಆ ಎರಡನೇ ರಿಮೋಟಿನ ಬೆನ್ನಲ್ಲಿ ಕೈವಾರದ ಮೊನೆಯಿಂದ ಗೀಚಿದ ನಿಮ್ಮ ಹೆಸರಿದೆಯಲ್ಲ, ಅದನ್ನು ಕಂಡರೆ ನನಗೆ ಏನೋ ಆಗುತ್ತೆ. ಇವರು ಆಡುವಾಗ "ಅಕ್ಕ ಆಗಿದ್ರೆ ಇಲ್ಲಿ ಹಾರಿಬಿಡ್ತಿದ್ಲು" ಅಂತಾರೆ. ಮಗಳಿಗೆ ನಿಮ್ಮ ಕಥೆಗಳೆಲ್ಲ ಬಾಯಿಪಾಠ. ನಮ್ಮ ಕಾಲೇಜಿನ ಕಥೆ, ನಾನೂ ಇವರೂ ಕುಂಸಿ ಬಸ್ಸಿನಲ್ಲಿ ಪರಿಚಯವಾದ ಕಥೆ ಅವಳು ಒಂದು ದಿನವೂ ಕೇಳಿಲ್ಲ.

ಮುಂಚೆ ಅವಳು ನನ್ನ ತೋಳಿನ ಮೇಲೆ ಮಲಗಿ ಸ್ಕೂಲಿನ ಸುದ್ದಿಯೆಲ್ಲ ಹೇಳೋಳು. ತಮ್ಮ ಹುಟ್ಟಿದ ಮೇಲೆ ಆ ತೋಳು ಅವನದ್ದಾಯಿತು. ತಪ್ಪು ಯಾರದ್ದೂ ಅಲ್ಲ. ಆದರೆ ಅವಳ ಮುಂದಿನ ಹಲ್ಲು ಅಲ್ಲಾಡ್ತಿದೆ ಅನ್ನೋದು ನನಗೆ ಇವರಿಂದ ಗೊತ್ತಾಯಿತು. ಮೂರನೇ ಸ್ಟೇಜಿನಲ್ಲಿ ಹೇಳಿದಳಂತೆ.

ಅದಕ್ಕೆ ಒಂದು ಉಪಕಾರ ಕೇಳ್ತೀನಿ. ದೀಪಾವಳಿಗೆ ಭದ್ರಾವತಿಗೆ ಬಂದಾಗ, "ನಮ್ಮ ಮಕ್ಕಳಿಗೂ ಬೇಕು" ಅಂತ ಹೇಳಿ ಆ ಸೆಟ್ಟನ್ನು ಧಾರವಾಡಕ್ಕೆ ಒಯ್ಯಿರಿ. ನಿಮ್ಮದೂ ಹೌದಲ್ಲ ಅದು, ಇವರು ಇಲ್ಲ ಅನ್ನಲ್ಲ. ಇಂಚರ ನಾಲ್ಕು ದಿನ ಅಳ್ತಾಳೆ, ಸಮಾಧಾನ ನಾನು ಮಾಡ್ತೀನಿ. ಕಣ್ಣಿನ ಸಲುವಾಗಿ ಅಂತಲೇ ಕೇಳ್ತಿದ್ದೀನಿ. ನಾನು ಬರೆದಿದ್ದು ಮಾತ್ರ ನಿಮ್ಮ ತಮ್ಮನಿಗೆ ಗೊತ್ತಾಗೋದು ಬೇಡ.

ನಿಮ್ಮ ಮಕ್ಕಳು ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಲಿ. ನಿಮ್ಮ ಅತ್ತೆ ಮಾವನಿಗೆ ನನ್ನ ಶರಣು ತಿಳಿಸಿ. ನನಗೆ ಒಂದು ರಾತ್ರಿಯ ನಿದ್ದೆ ಸಿಗಲಿ ಅಂತ ನೀವೂ ಬೇಡಿಕೊಳ್ಳಿ.

ನಿಮ್ಮ
ಕವನ

ತಾ.ಕ. ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ಆಯುಧ ಪೂಜೆಗೆ ನಾವು ಭದ್ರಾವತಿಗೆ ಹೋಗಿದ್ದೆವು. ಸೆಟ್ಟೂ ಬಂದಿತ್ತು, ಅದಿಲ್ಲದೆ ಈಗ ಯಾರೂ ಎಲ್ಲಿಗೂ ಹೋಗಲ್ಲ. ಫ್ಯಾಕ್ಟರಿಯಲ್ಲಿ ಜೀವನ ಕಳೆದ ಮಾವನವರಿಗೆ ಈ ಹಬ್ಬ ಅಂದ್ರೆ ಎಷ್ಟು ಅಂತ ನಿಮಗೆ ಹೇಳಬೇಕಾ. ಈ ಸಲ ಯಾರ ಆಯುಧ ಯಾವುದು ಅಂತ ಹುಡುಕಿ ಜೋಡಿಸೋ ಕೆಲಸ ಮೊಮ್ಮಗಳಿಗೇ ಕೊಟ್ಟರು. ಅಜ್ಜನ ಸ್ಪ್ಯಾನರು, ಅಜ್ಜಿಯ ಈಳಿಗೆ ಮಣೆ, ಅಪ್ಪನ ಲ್ಯಾಪ್‌ಟಾಪು, ಪಕ್ಕದಲ್ಲಿ ಎರಡು ರಿಮೋಟು. ಎಲ್ಲಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. "ನಿಮ್ಮಮ್ಮಂದು ಎಲ್ಲಮ್ಮ?" ಅಂದರು ಮಾವ. ನನ್ನ ಹೊಲಿಗೆ ಕತ್ತರಿ ತರ್ತಾಳೆ ಅಂದುಕೊಂಡೆ. ಅವಳು ಆ ದಿನ ತೊಟ್ಟಿದ್ದ ಲಂಗ ಪ್ರಣವನನ್ನು ಮಡಿಲಲ್ಲಿಟ್ಟುಕೊಂಡೇ ನಾನು ಹೊಲಿದಿದ್ದು.

ಅವಳು ಟಿವಿ ಕೆಳಗೆ ನುಗ್ಗಿ, ಸೆಟ್ಟಿನ ಜೊತೆ ನಮ್ಮ ಮನೆಯಿಂದ ತಂದಿದ್ದ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ತಂದಳು. ಊಟಕ್ಕೆ ಕರೆದು ಕರೆದು ಸಾಕಾಗಿ ದಿನಾ ನಾನು ಆರಿಸೋ ಸ್ವಿಚ್ಚು ಅದರಲ್ಲೇ ಇರೋದು. "ಅಮ್ಮಂದು ಇದು. ಅಮ್ಮ ಆಫ್ ಮಾಡೋದು" ಅಂದಳು. ಕೀಟಲೆ ಇರಲಿಲ್ಲ ಅಕ್ಕ, ಭಕ್ತಿಯಿಂದ ಅದಕ್ಕೂ ಮೂರು ಬೆರಳಲ್ಲಿ ವಿಭೂತಿ ಎಳೆದಳು. ಮಾವ ಕೆಮ್ಮು ಬರೋವರೆಗೂ ನಕ್ಕರು. ಇವರು, "ಎಲ್ಲಕ್ಕಿಂತ ದೊಡ್ಡ ಆಯುಧ ಇದೇ ಕಣಪ್ಪ" ಅಂದರು. ನಾನೂ ನಕ್ಕೆ.

ಅತ್ತೆ ನಗಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಾ, ನನ್ನ ಮುಖ ನೋಡದೆಯೇ ಹೇಳಿದರು: "ಆ ಆಟ ಈ ಮನೆಗೆ ಬಂದಾಗ ಸುಮನಾ ಹೈಸ್ಕೂಲು. ಅವಳು ಮದುವೆಯಾಗಿ ಹೋಗೋ ತನಕ ಇಬ್ಬರೂ ಆಡಿದ್ರು. ನಂಗೂ ಒಂದು ಕೈ ನೋಡ್ಬೇಕು ಅನ್ನಿಸ್ತಿತ್ತು. ಯಾರು ಕರೆದ್ರು ನನ್ನ?" ನಿಮ್ಮ ಮೇಲೆ ದೂರು ಅಂತ ಬರೆದಿಲ್ಲ ಇದನ್ನ. ನಿಮಗೆ ಗೊತ್ತಿರಲಿಕ್ಕಿಲ್ಲ ಅಂತ ಬರೆದೆ.

ಪೂಜೆಗಿಟ್ಟಿದ್ದನ್ನು ಆ ದಿನ ಮುಟ್ಟೋ ಹಾಗಿಲ್ಲ. ಮರುದಿನ ಬೆಳಿಗ್ಗೆ ಬಾಕ್ಸಿನ ಕುಂಕುಮ ಒರೆಸಿ, ನಾನೇ ಪ್ಲಗ್ ಚುಚ್ಚಿ ಸ್ವಿಚ್ ಹಾಕಿಕೊಟ್ಟೆ. ಇಂಚರ ಕ್ಯಾಸೆಟ್ ಊದಿದಳು. ಅಪ್ಪ ಮಗಳು ಚಾಪೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತರು. ಪ್ರಣವ ಅತ್ತೆಯ ಹತ್ತಿರ ಇದ್ದ, ನನ್ನ ಎರಡೂ ಕೈ ಖಾಲಿ ಇತ್ತು. ಸುಮ್ಮನೆ ಅಲ್ಲೇ ಹಿಂದೆ ನಿಂತೆ. ಕರೀತಾರೇನೋ ಅಂತ ಮೂರು ಆಟ ಮುಗಿಯೋ ತನಕ ನಿಂತಿದ್ದೆ. ನಡುವೆ ಒಂದು ಸಲ ಇಂಚರ ತಿರುಗಿ ನನ್ನನ್ನು ನೋಡಿದಳು. "ಇದೊಂದೇ ಸ್ಟೇಜು, ಅಮ್ಮಾ, ಆಫ್ ಮಾಡ್ಬೇಡ" ಅಂದಳು.