ರದ್ದಾದ ಗಾಲಿಕುರ್ಚಿ

ಜೂನ್ ೧೦, ಮಂಗಳವಾರ

ಮೈಯೆಲ್ಲ ಉರಿಯುತ್ತಿದೆ. ಅಪ್ಪನಿಗೆಂದು ನಾನು ಪೂರ್ತಿ ಹಣ ಕಟ್ಟಿದ್ದ ಗಾಲಿಕುರ್ಚಿಯ ಆರ್ಡರನ್ನು ಅಂಗಡಿಯವನು ನನ್ನನ್ನೊಂದು ಮಾತೂ ಕೇಳದೆ ರದ್ದು ಮಾಡಿದ್ದಾನೆ. ಸ್ಟಾಕ್ ಇಲ್ಲವಂತೆ. ಹೋಗಿ ನೋಡಿದರೆ ಅದೇ ಕುರ್ಚಿ, ಹೆಚ್ಚಿನ ಬೆಲೆಯ ಚೀಟಿ ಅಂಟಿಸಿಕೊಂಡು ಗಾಜಿನ ಹಿಂದೆ ನಿಂತಿದೆ!

"ದುಡ್ಡು ವಾಪಸ್ ಬರುತ್ತಲ್ಲ ಮೇಡಂ, ನಿಮಗೇನು ನಷ್ಟ?" ಅಂದ.

"ಅಪ್ಪನ್ನ ದುಡ್ಡಿನ ಮೇಲೆ ಕೂರಿಸಿ ತಳ್ಳಲಾ? ಕುರ್ಚಿ ಕೊಡಿ, ಇಲ್ಲಾ ಗ್ರಾಹಕರ ಕೋರ್ಟಿಗೆ ಬನ್ನಿ."

ಹಲ್ಲು ಕಿರಿದ.

ದೂರು ಬರೆದಿಟ್ಟಿದ್ದೇನೆ. ಆದರೆ ಇದನ್ನು ಅದರಲ್ಲಿ ಹೇಗೆ ಬರೆಯಲಿ? ಆ ಕುರ್ಚಿ ಒಳಗೆ ಹೋಗಲೆಂದು ಬಚ್ಚಲಿನ ಬಾಗಿಲು ಕೀಳಿಸಿ ಗೋಡೆ ಒಡೆಸಿದ್ದೆ. ಈಗ ಅಲ್ಲಿ ಹಳೆ ಬೆಡ್‌ಶೀಟು ನೇತಾಡುತ್ತಿದೆ. ಸಂಜೆ ನನ್ನ ಹೆಗಲು ಹಿಡಿದು ಒಳಗೆ ಹೋದ ಅಪ್ಪ, ನೆಲ ನೋಡುತ್ತಾ ಅಂದರು: "ಸ್ವಲ್ಪ ಆ ಕಡೆ ತಿರುಗಮ್ಮ."